ಕೊಳೆಗೊಂದು ಗಿಡ

ನರಕ ಚತುರ್ದಶಿಯ ಹಿಂದಿನ ಸಂಜೆ ನಮ್ಮಲ್ಲಿ ನೀರು ತುಂಬುವ ಹಬ್ಬ. ಬಚ್ಚಲ ಹಂಡೆಯನ್ನು ತಿಕ್ಕಿ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೆಲವು ಸೀಮೆಗಳಲ್ಲಿ ಅದರ ಕೊರಳಿಗೆ ಹಿಂಡಲಕಾಯಿಯ ಬಳ್ಳಿ ಸುತ್ತಿ, ಹೊಸ ನೀರು ತುಂಬುತ್ತಾರೆ. ಮರುದಿನ ಬೆಳಗಿನ ಜಾವಕ್ಕೆ ಎಣ್ಣೆನೀರು. ಹಬ್ಬದ ಪುರಾಣ ನಿಮಗೆ ಗೊತ್ತಿರುವುದೇ. ಅದನ್ನು ಮತ್ತೆ ಹೇಳಬೇಕಾಗಿಲ್ಲ. ಅದನ್ನು ಒಂದು ಮನೆಗೆಲಸವೆಂದು ಎಣಿಸಿ, ಸಾಬೂನಿಲ್ಲದ ಮನೆಯಲ್ಲಿ ಅದು ಹೇಗೆ ನಡೆಯುತ್ತಿತ್ತೆಂದು ಸ್ವಲ್ಪ ಯೋಚಿಸಿ ನೋಡಿ. ಹಂಡೆಯ ಕಿಲುಬಿಗೆ ಹುಣಿಸೆಹಣ್ಣು. ತಳದ ಮಸಿಗೆ ಒಲೆಯ ಬೂದಿ ಮತ್ತು ತೆಂಗಿನ ನಾರು. ತಲೆಯ ಎಣ್ಣೆಗೆ ಸೀಗೆ. ಮೈಯ ಜಿಡ್ಡಿಗೆ ಕಡಲೆಹಿಟ್ಟು. ಮಿಂದು ಉಡುವ ರೇಷ್ಮೆಗೆ ಅಂಟುವಾಳ. ಇವುಗಳಲ್ಲಿ ಒಂದರ ಕೆಲಸವನ್ನು ಇನ್ನೊಂದಕ್ಕೆ ಯಾರೂ ಒಪ್ಪಿಸುತ್ತಿರಲಿಲ್ಲ. ಸೀಗೆಪುಡಿಯಿಂದ ಹಂಡೆ ಬೆಳಗಲು ಹೊರಟ ಸೊಸೆಯನ್ನು ಅತ್ತೆಯವರು ಸುಮ್ಮನೆ ಬಿಟ್ಟಾರೆಯೇ?

ಇಂದು ಅಂಗಡಿಯಲ್ಲಿ ಹತ್ತಾರು ಹೆಸರಿನ ಬಿಲ್ಲೆಗಳೂ ಪುಡಿಗಳೂ ಸಿಗುತ್ತವೆ. ಹೆಸರು ಹಲವಾದರೂ ಕೆಲಸ ಬಹುಮಟ್ಟಿಗೆ ಒಂದೇ. ಹಳೆಯ ಮನೆಯ ಲೆಕ್ಕ ಬೇರೆ: ಕೊಳೆ ಯಾವುದೆಂದು ಮೊದಲು ಗುರುತಿಸಬೇಕು, ಆಮೇಲೆ ಅದಕ್ಕೆ ತಕ್ಕ ಗಿಡ. ಈ ಗುರುತಿಸುವ ವಿದ್ಯೆ ಎಷ್ಟು ಹಳೆಯದು, ಅದು ಎಲ್ಲಿ ಹೋಯಿತು ಎಂಬುದನ್ನು ಇಲ್ಲಿ ವಿಚಾರಿಸೋಣ.

ಅದರ ಹಳೆಯ ಲಿಖಿತ ಸಾಕ್ಷಿಗಳಲ್ಲಿ ಒಂದು, ನೀವು ನಿರೀಕ್ಷಿಸದ ಒಂದು ಕಡೆ ಇದೆ. ಮನುಸ್ಮೃತಿ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಗ್ರಂಥ. ಅದು ಮನುಷ್ಯರನ್ನು ವಿಂಗಡಿಸಿದ ಬಗೆಯನ್ನು ಇಂದು ನಾವು ಒಪ್ಪಲಾರೆವು. ಆದರೆ ಅದರ ಐದನೆಯ ಅಧ್ಯಾಯವು ಬಟ್ಟೆಗಳನ್ನು ವಿಂಗಡಿಸಿರುವುದು ಕುತೂಹಲದ ಸಂಗತಿ. ರೇಷ್ಮೆಗೂ ಉಣ್ಣೆಗೂ ಚೌಳು ಮಣ್ಣು, ಬೆಟ್ಟದ ಕಡೆಯ ಕಂಬಳಿಗೆ ಅಂಟುವಾಳ, ಸಣ್ಣ ನೂಲಿನ ಪಟ್ಟೆಗೆ ಬಿಲ್ವದ ಕಾಯಿ, ನಾರುಬಟ್ಟೆಗೆ ಬಿಳಿಯ ಸಾಸಿವೆ ಎಂದು ಅಲ್ಲಿ ಹೇಳಿದೆ. ತಾಮ್ರ, ಕಂಚು, ಹಿತ್ತಾಳೆ, ತವರ, ಸೀಸಗಳನ್ನು ಅವವಕ್ಕೆ ತಕ್ಕಂತೆ ಕ್ಷಾರದಿಂದ, ಹುಳಿಯಿಂದ, ನೀರಿನಿಂದ ಶುದ್ಧಿ ಮಾಡಬೇಕೆಂದೂ ಇದೆ. ರೇಷ್ಮೆಯನ್ನು ಚೌಳು ಮಣ್ಣಿಗೆ ಹಾಕುವ ಮಾತನ್ನು ನಮ್ಮ ಅಜ್ಜಿಯರು ಖಂಡಿತ ಒಪ್ಪುತ್ತಿರಲಿಲ್ಲ. ರಸಾಯನಶಾಸ್ತ್ರವೂ ಅಜ್ಜಿಯರ ಪಕ್ಷವೇ. ಅದು ಹೇಗೂ ಇರಲಿ, ಕ್ಷಾರ, ಹುಳಿ, ನೊರೆಕಾಯಿ ಇವು ಮೂರೂ ಬೇರೆ ಬೇರೆ ಎಂಬ ತಿಳಿವಳಿಕೆ ಅಷ್ಟು ಹಿಂದೆಯೇ ಗಟ್ಟಿಯಾಗಿತ್ತು.

ಕನ್ನಡದಲ್ಲೂ ಸಂಸಾರಕ್ಕೆ ಬೇಕಾದ ವಿದ್ಯೆಗಳನ್ನು ಬರೆದಿಡುವ ಪದ್ಧತಿ ಹಳೆಯದು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನೆಂಬ ಕವಿ ಬರೆದ ‘ಲೋಕೋಪಕಾರ’ದಲ್ಲಿ ಗಿಡಮರಗಳ ಆರೈಕೆ, ಸುಗಂಧದ್ರವ್ಯ, ಅಡುಗೆ, ವೈದ್ಯ ಎಲ್ಲವೂ ಉಂಟು. ಆದರೆ ಪಾತ್ರೆ ತಿಕ್ಕುವುದನ್ನು ಓಲೆಗರಿ ಓದಿ ಕಲಿತವರಿಲ್ಲ. ಅದು ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಕೈಯಿಂದ ಕೈಗೇ ಬಂದದ್ದು. ಕೈ ಕೆಲಸ ಬಿಟ್ಟರೆ ಅಂಥ ವಿದ್ಯೆ ಒಂದೆರಡು ತಲೆಮಾರಿನಲ್ಲಿ ಹೋಗಿಬಿಡುತ್ತದೆ.

ಆ ಕೈಗಳು ಮಾಡುತ್ತಿದ್ದುದರ ಒಳಗುಟ್ಟೇನು? ಹುಣಿಸೆಯಿಂದ ಆರಂಭಿಸೋಣ. ಗಾಳಿ ಮತ್ತು ತೇವ ತಗುಲಿದ ತಾಮ್ರ ಹಿತ್ತಾಳೆಗಳ ಮೇಲೆ ಕಪ್ಪು ಪದರವೊಂದು ಕಟ್ಟುತ್ತದೆ. ಎಷ್ಟು ತಿಕ್ಕಿದರೂ ಅದು ಸುಲಭವಾಗಿ ಬಿಡುವಂಥದಲ್ಲ. ಹುಣಿಸೆಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲ ಅದನ್ನು ಕರಗಿಸಿಬಿಡುತ್ತದೆ. ಒಳಗಿನ ಹೊಂಬಣ್ಣ ಕಾಣುವುದು ಅದರಿಂದಲೇ. ತೊಳೆದ ಕೂಡಲೇ ನೀರು ಹೊಯ್ದು ಒರಸದಿದ್ದರೆ ಉಳಿದ ಹುಳಿ ಮತ್ತೆ ಲೋಹವನ್ನೇ ತಿನ್ನತೊಡಗುತ್ತದೆ. ಬೆಳಗಿದ ಬಿಂದಿಗೆಯನ್ನು ಹಸಿಯಾಗಿ ಇಡಬಾರದೆಂದು ಹಿರಿಯರು ಗದರುತ್ತಿದ್ದುದು ಇದಕ್ಕೇ.

ಬೂದಿಯ ಕೆಲಸ ಇದಕ್ಕೆ ತೀರ ವಿರುದ್ಧ. ಸೌದೆ ಉರಿದು ಉಳಿದ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವಿರುತ್ತದೆ. ಪೊಟ್ಯಾಸಿಯಂ ಎಂಬ ಹೆಸರೇ ಮಡಕೆಯ ಬೂದಿ ಎಂಬರ್ಥದ ಇಂಗ್ಲಿಷ್ ಮಾತಿನಿಂದ ಹುಟ್ಟಿದ್ದು. 1807ರಲ್ಲಿ ಹಂಫ್ರಿ ಡೇವಿ ಆ ಧಾತುವನ್ನು ಬೇರ್ಪಡಿಸಿ ಹಾಗೆ ಕರೆದನು. ಜಿಡ್ಡು ಹಿಡಿದ ಬಾಣಲೆಗೆ ಬೂದಿ ಹಾಕಿ ಬಿಸಿನೀರಿನಲ್ಲಿ ಉಜ್ಜಿದಾಗ ಕ್ಷಾರವೂ ಎಣ್ಣೆಯೂ ಕೂಡಿ ಅಲ್ಲೇ ಅಷ್ಟಿಷ್ಟು ಸಾಬೂನು ಹುಟ್ಟುತ್ತದೆ. ಹೊರಗಿನಿಂದ ಸಾಬೂನು ತರದಿದ್ದ ಮನೆಯಲ್ಲಿ ದಿನಕ್ಕೆರಡು ಸಲ ಬಾಣಲೆಯೊಳಗೇ ಸಾಬೂನು ತಯಾರಾಗುತ್ತಿತ್ತು ಎಂದರೆ ಅತಿಶಯೋಕ್ತಿಯಲ್ಲ. ಬಾಳೆಯ ಬೂದಿಯಲ್ಲಿ ಕ್ಷಾರ ಹೆಚ್ಚು. ಅಸ್ಸಾಮಿನವರು ಅದರಿಂದ ತೆಗೆದ ‘ಕೋಲಖಾರ’ವನ್ನು ಅಡುಗೆಗೂ ಬಳಸುತ್ತಾರೆ, ತೊಳೆಯುವುದಕ್ಕೂ ಬಳಸಿದ್ದಾರೆ.

ಇನ್ನು ಅಂಟುವಾಳ. ನನ್ನ ದೃಷ್ಟಿಯಲ್ಲಿ ಈ ಗುಂಪಿನ ಜಾಣ ಇದೇ. ಇದರ ಕುಲಕ್ಕೆ ಸಸ್ಯಶಾಸ್ತ್ರಜ್ಞರು ಕೊಟ್ಟ ಹೆಸರು ಸಾಪಿಂಡಸ್, ಅಂದರೆ ‘ಇಂಡಿಯದ ಸಾಬೂನು’. ಇದನ್ನು ಕೇಳಿ ನಾವು ಹಿಗ್ಗಬೇಕಾದ್ದಿಲ್ಲ. 1753ರಲ್ಲಿ ಲಿನ್ನೇಯಸ್ ಹೆಸರಿಸಿದ ಜಾತಿ ಅಮೆರಿಕ ಖಂಡದ್ದು. ಅಲ್ಲಿನ ಜನರೂ ಅದರ ಕಾಯಿಯಿಂದ ಬಟ್ಟೆ ತೊಳೆಯುತ್ತಿದ್ದರು. ಎರಡು ದೂರದ ನಾಡುಗಳ ಜನ ಒಬ್ಬರನ್ನೊಬ್ಬರು ಕೇಳದೆ ಒಂದೇ ಕುಲದ ಕಾಯಿಯನ್ನು ಒಂದೇ ಕೆಲಸಕ್ಕೆ ಹಚ್ಚಿದ್ದು ಸೋಜಿಗವಲ್ಲವೇ?

ಅಂಟುವಾಳದ ಸಿಪ್ಪೆಯಲ್ಲಿ ಸಾಪೊನಿನ್ ಎಂಬ ವಸ್ತುವಿದೆ. ಅದರ ಅಣುವಿನ ಒಂದು ತುದಿ ನೀರನ್ನು ಹಿಡಿಯುತ್ತದೆ, ಇನ್ನೊಂದು ತುದಿ ಜಿಡ್ಡನ್ನು. ನೊರೆ ಬರುವುದೂ ಕೊಳೆ ಬಿಡುವುದೂ ಇದರಿಂದಲೇ. ಇಷ್ಟನ್ನು ಸಾಬೂನೂ ಮಾಡುತ್ತದೆ. ವ್ಯತ್ಯಾಸವಿರುವುದು ಎರಡು ಕಡೆ. ಸಾಬೂನು ಕ್ಷಾರದ್ದು, ಅಂಟುವಾಳದ ನೀರು ತುಸು ಹುಳಿಯ ಕಡೆಯದು. ರೇಷ್ಮೆಯೂ ಉಣ್ಣೆಯೂ ನಮ್ಮ ಕೂದಲಿನಂತೆ ಪ್ರೋಟೀನಿನ ಎಳೆಗಳು; ಕ್ಷಾರ ತಾಗಿದರೆ ಅವು ಕಳೆಗುಂದಿ ಬಡವಾಗುತ್ತವೆ. ಎರಡನೆಯದಾಗಿ, ನಮ್ಮ ಬಯಲುಸೀಮೆಯ ಗಡಸು ನೀರಿನಲ್ಲಿ ಸಾಬೂನು ಸುಣ್ಣದಂಶದೊಡನೆ ಸೇರಿ ಮೊಸರೊಡೆದಂತಾಗಿ ಬಟ್ಟೆಗೆ ಅಂಟಿಕೊಳ್ಳುತ್ತದೆ. ಸಾಪೊನಿನ್‌ಗೆ ಆ ತೊಂದರೆ ಇಲ್ಲ. ಅಕ್ಕಸಾಲಿಗರು ಒಡವೆ ತೊಳೆಯಲು ಅಂಟುವಾಳವನ್ನೇ ನಂಬಿದ್ದರು.

ಸೀಗೆಯದೂ ಸಾಪೊನಿನ್ನೇ. ಅದು ಕಾಡಂಚಿನ ಮುಳ್ಳುಬಳ್ಳಿ. ಕಾಯಿ ಕೀಳಲು ಹೋದವರ ಮೈ ಗೀರದೆ ಬಿಡದು. ಮನೆಯಲ್ಲಿ ಅದನ್ನು ಒಣಗಿಸಿ, ಮೆಂತ್ಯ, ಹೆಸರುಕಾಳು ಕೂಡಿಸಿ ಕುಟ್ಟಿ ಪುಡಿ ಮಾಡುತ್ತಿದ್ದರು. ಹರಳೆಣ್ಣೆಯಂಥ ಮಂದವಾದ ಎಣ್ಣೆಯನ್ನೂ ಇದು ತೆಗೆಯುತ್ತದೆ. ಆದರೆ ಪೂರ್ತಿಯಾಗಿ ತೆಗೆಯುವುದಿಲ್ಲ, ಚೂರು ಉಳಿಸುತ್ತದೆ. ಕೂದಲು ಮಿದುವಾಗಿರುವುದು ಅದರಿಂದ. ಕಣ್ಣಿಗೆ ಬಿದ್ದ ಸೀಗೆಯ ಉರಿ ಎಂಥದೆಂದು ಮಕ್ಕಳಾಗಿ ಎಣ್ಣೆನೀರು ಹೊಯ್ಸಿಕೊಂಡವರಿಗೆ ವಿವರಿಸಬೇಕಾಗಿಲ್ಲ. ಸೀಗೆ ಸಿಗದ ಕಡೆ ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿ ಬರುವ ಲೋಳೆಯಿಂದ ತಲೆ ತೊಳೆಯುವುದುಂಟು. ಹಿತ್ತಲಲ್ಲಿ ಹೂವಿಗೆಂದು ಬೆಳೆಸಿದ ಗಿಡದಿಂದ ಇದು ಎರಡನೆಯ ಲಾಭ.

ಈ ಚಿತ್ರವನ್ನು ಬರೀ ಸೊಗಸೆಂದು ತಿಳಿಯಬೇಡಿ. ಕುಟ್ಟುವುದು, ಜರಡಿ ಹಿಡಿಯುವುದು, ಬೂದಿ ಸೋಸುವುದು, ನಾರಿನಿಂದ ಉಜ್ಜುವುದು ಎಲ್ಲವೂ ಹೆಂಗಸರ ಪಾಲಿನ ದುಡಿಮೆ. ಮನೆಮಂದಿಯ ಬಟ್ಟೆಯ ಹೊರೆ ಮಡಿವಾಳರದು. ಅವರು ಚೌಳು ಮಣ್ಣಿನ ನೀರಿನಲ್ಲಿ ಬಟ್ಟೆ ಅದ್ದಿ, ಉಬ್ಬೆಗೆ ಹಾಕಿ, ಹೊಳೆಯ ಬಂಡೆಗೆ ಒಗೆಯುತ್ತಿದ್ದರು. ಯಾವ ಬಟ್ಟೆ ಯಾರ ಮನೆಯದೆಂದು ತಿಳಿಯಲು ಗುರುತು ಹಾಕುತ್ತಿದ್ದುದು ಗೇರುಕಾಯಿಯ ರಸದಿಂದ. ನಾನು ಹೇಳುವುದು ಗೋಡಂಬಿಯ ಮಾತಲ್ಲ, ಸಂಸ್ಕೃತದ ಭಲ್ಲಾತಕದ ಮಾತು. ಸುಣ್ಣ ತಾಗಿಸಿದ ಆ ಕಪ್ಪು ಎಷ್ಟು ಒಗೆದರೂ ಹೋಗದು. ಅದರ ರಸ ಚರ್ಮಕ್ಕೆ ತಾಗಿದರೆ ಬೊಬ್ಬೆ. ಎರಡನೆಯ ಮಹಾಯುದ್ಧದಲ್ಲಿ ಭಾರತಕ್ಕೆ ಬಂದಿದ್ದ ಅಮೆರಿಕದ ಸೈನಿಕರಿಗೆ, ಅಂಗಿಯ ಗುರುತು ಮೈಗೆ ತಗಲುವ ಜಾಗದಲ್ಲೇ ತುರಿಗಜ್ಜಿಯಂಥದು ಎದ್ದು, ಸೇನೆಯ ವೈದ್ಯರು ಕಾರಣ ಹುಡುಕಬೇಕಾಯಿತು. ಅಂಗಿ ತೊಟ್ಟವರಿಗೇ ಹೀಗಾದರೆ ದಿನವೂ ಗುರುತು ಹಾಕುತ್ತಿದ್ದವರ ಬೆರಳುಗಳ ಗತಿಯೇನು? ಹನ್ನೆರಡನೆಯ ಶತಮಾನದಲ್ಲಿ ಮಡಿವಾಳ ಮಾಚಯ್ಯನವರು ಇದೇ ಕಾಯಕದಲ್ಲಿದ್ದು ಶರಣರಲ್ಲಿ ಗಣ್ಯರಾದರು. ಊರಿನ ಮಡಿಯೆಲ್ಲ ಮಡಿವಾಳರ ಕೈಯಿಂದ ಬಂದದ್ದು. ಆದರೂ ಅವರನ್ನು ಹೊಸಿಲ ಹೊರಗೇ ನಿಲ್ಲಿಸಿದ ಮನೆಗಳು ಎಷ್ಟೋ.

ಹೀಗಿದ್ದ ಮನೆಗೆ ಸಾಬೂನು ಬಂದ ಕಥೆ ಚಿಕ್ಕದು. ಮಾತು ಮೊದಲೇ ಅರಬ್ಬಿ ಪಾರಸಿಗಳಿಂದ ಬಂದಿತ್ತು. 1888ರಲ್ಲಿ ಇಂಗ್ಲೆಂಡಿನ ಸನ್‌ಲೈಟ್ ಬಿಲ್ಲೆಗಳ ಪೆಟ್ಟಿಗೆಗಳು ಕಲ್ಕತ್ತೆಯ ಬಂದರಿನಲ್ಲಿ ಇಳಿದವು. ಮೈಸೂರು ಸಂಸ್ಥಾನದಲ್ಲಿ ಅದಕ್ಕೆ ದಾರಿ ಮಾಡಿದ್ದು ಮೊದಲ ಮಹಾಯುದ್ಧ. ಯೂರೋಪಿಗೆ ಹೋಗಬೇಕಾದ ಶ್ರೀಗಂಧ ಇಲ್ಲೇ ರಾಶಿ ಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಕಾಲಕ್ಕೆ, 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ತೆಗೆಯಲು ಆರಂಭವಾಯಿತು. 1918ರ ವೇಳೆಗೆ ಗಂಧದ ಸಾಬೂನೂ ಹೊರಬಂತು. ಅದೂ ಗಿಡದ್ದೇ ಎಂಬುದನ್ನು ಮರೆಯಬಾರದು. ಗಿಡದಿಂದ ದೂರವಾದದ್ದು ಆಮೇಲೆ, ಪೆಟ್ರೋಲಿಯಂ ಮೂಲದ ಒಗೆಯುವ ಪುಡಿಗಳು ಬಂದಾಗ: 1959ರಲ್ಲಿ ಸರ್ಫ್, 1969ರಲ್ಲಿ ಅಹಮದಾಬಾದಿನಿಂದ ಅಗ್ಗದ ನಿರ್ಮಾ.

ಆದರೆ ಹಳೆಯ ಗಿಡಗಳನ್ನು ಸಾಬೂನೊಂದೇ ಓಡಿಸಿತೆಂದರೆ ಅನ್ಯಾಯವಾದೀತು. ಬೂದಿ ಹೋದದ್ದು ಒಲೆ ಹೋದದ್ದರಿಂದ. ಸೀಮೆಎಣ್ಣೆಯ ಸ್ಟೌವಿನಲ್ಲಾಗಲಿ, 1965ರಲ್ಲಿ ಇಂಡೇನ್ ಹೆಸರಿನಿಂದ ಬಂದ ಅನಿಲದ ಒಲೆಯಲ್ಲಾಗಲಿ ಬೂದಿ ಎಲ್ಲಿಯದು? ಹುಣಿಸೆಗೆ ಕೆಲಸ ತಪ್ಪಿಸಿದ್ದು ಸ್ಟೇನ್‌ಲೆಸ್ ಸ್ಟೀಲು. ಸೀಗೆಗೆ ಶತ್ರು ಗಡಿಯಾರ: ಬೆಳಗಿನ ಬಸ್ಸು ಹಿಡಿಯುವ ಹೆಣ್ಣುಮಗಳಿಗೆ ಎಣ್ಣೆ ಹಚ್ಚಿ ನೆನೆಯುವ ಹೊತ್ತೆಲ್ಲಿ? ಅವಳನ್ನು ದೂರುವುದು ನನ್ನಿಂದಾಗದು. ಕೆಲಸ ಹೋದಂತೆ ಯಾವ ಕೊಳೆಗೆ ಯಾವ ಗಿಡ ಎಂಬ ವಿವೇಕವೂ ಹೋಯಿತು. ಹತ್ತಿಗೆ ಸರಿಯಾದ ಪುಡಿಯಲ್ಲೇ ರೇಷ್ಮೆಯನ್ನೂ ನೆನೆಹಾಕಿ, ಬಣ್ಣ ಹೋಯಿತೆಂದು ಅಂಗಡಿಯವನೊಡನೆ ಜಗಳವಾಡುವವರಾದೆವು.

ಆದ್ದರಿಂದ ಐದರಲ್ಲಿ ಒಂದನ್ನಾದರೂ ಮನೆಯಲ್ಲಿಟ್ಟುಕೊಳ್ಳುವುದಾದರೆ ಅಂಟುವಾಳವನ್ನು ಇಟ್ಟುಕೊಳ್ಳಿ. ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಕಾಯಿ ಒಡೆದು ಕರಿಯ ಬೀಜ ತೆಗೆದುಹಾಕಿ, ನೊರೆಯಿರುವುದು ಸಿಪ್ಪೆಯಲ್ಲಿ. ಒಂದು ಸೀರೆಗೆ ಏಳೆಂಟು ಕಾಯಿಯ ಸಿಪ್ಪೆಯನ್ನು ರಾತ್ರಿ ಬೆಚ್ಚನೆಯ ನೀರಿನಲ್ಲಿ ನೆನೆಯಿಟ್ಟು, ಬೆಳಿಗ್ಗೆ ಕಿವುಚಿ ಬಟ್ಟೆಯಲ್ಲಿ ಸೋಸಿಕೊಳ್ಳಿ. ಮೊದಲು ಸೀರೆಯ ಒಳಅಂಚಿನ ಮೂಲೆಯೊಂದನ್ನು ಅದ್ದಿ, ಬಣ್ಣ ಬಿಡುವುದೋ ನೋಡಿ. ಬಿಡದಿದ್ದರೆ ತಣ್ಣೀರು ಬೆರೆಸಿ ಅದರಲ್ಲಿ ಸೀರೆಯನ್ನು ಮೆಲ್ಲನೆ ಅದ್ದಿ ಆಡಿಸಿ. ಹಿಂಡಬೇಡಿ, ಎರಡು ಸಲ ಬರೀ ನೀರಿನಲ್ಲಿ ತೆಗೆದು ನೆರಳಿಗೆ ಹರವಿ. ಉಳಿದ ನೀರನ್ನು ಗುಲಾಬಿ ದಾಸವಾಳಗಳ ಚಿಗುರಿಗೆ ಮುತ್ತುವ ಸಣ್ಣ ಹುಳುಗಳ ಮೇಲೆ ಸಿಂಪಡಿಸುವವರುಂಟು. ಕಣ್ಣಿಗೆ ಮಾತ್ರ ತಗಲಿಸಿಕೊಳ್ಳಬೇಡಿ. ಮನೆಯ ಮುಂದೆ ಮೀನಿನ ತೊಟ್ಟಿಯಿದ್ದರೆ ಅತ್ತ ಒಂದು ಚೊಂಬು ಕೂಡ ಚೆಲ್ಲಬೇಡಿ. ನಮಗೆ ಇಷ್ಟು ಮಿದುವಾದ ಈ ನೊರೆ ಮೀನಿನ ಕಿವಿರುಗಳಿಗೆ ವಿಷ.