ಕೃಪಾಕರ – ಸೇನಾನಿ

ಮೈಸೂರಿನ ವನ್ಯಜೀವಿ ಛಾಯಾಗ್ರಾಹಕರು, ಸಾಕ್ಷ್ಯಚಿತ್ರ ನಿರ್ಮಾಪಕರು, ಲೇಖಕರು. ಬಿ.ಎಸ್. ಕೃಪಾಕರ ಮತ್ತು ಸೇನಾನಿ ಹೆಗಡೆ ಇಬ್ಬರು ವ್ಯಕ್ತಿಗಳಾದರೂ ಓದುಗರಿಗೂ ನೋಡುಗರಿಗೂ ಪರಿಚಿತವಾಗಿರುವುದು ಜೋಡಿ ಹೆಸರಾಗಿಯೇ.

ಬಂಡೀಪುರ ಮತ್ತು ಅದಕ್ಕೆ ಹೊಂದಿಕೊಂಡ ನೀಲಗಿರಿ ತಪ್ಪಲಿನ ಕಾಡುಗಳು ಇವರ ಕಾರ್ಯಕ್ಷೇತ್ರ. ಹುಲಿ, ಆನೆಗಳ ಹಿಂದೆ ಹೋಗುವವರು ಬಹಳ. ಇವರು ವರ್ಷಗಟ್ಟಲೆ ಬೆನ್ನು ಹತ್ತಿದ್ದು ಕೆನ್ನಾಯಿಯನ್ನು. ಸೀಳುನಾಯಿ ಎಂದೂ ಕರೆಯುವ ಈ ಪ್ರಾಣಿಯನ್ನು ಒಂದು ಕಾಲಕ್ಕೆ ಪೀಡೆಯೆಂದು ಬಗೆದು, ಕೊಂದವರಿಗೆ ಇನಾಮು ಕೊಡಲಾಗುತ್ತಿತ್ತು. ಹಗಲಲ್ಲೇ ಗುಂಪಾಗಿ ಬೇಟೆಯಾಡುವ, ಸಿಳ್ಳೆಯಂಥ ದನಿಯಲ್ಲಿ ಪರಸ್ಪರ ಕರೆಯುವ, ಮರಿಗಳಿಗೆ ಮೊದಲು ಉಣ್ಣಲು ಬಿಡುವ ಇದರ ಸಂಸಾರವನ್ನು 'ವೈಲ್ಡ್ ಡಾಗ್ ಡೈರೀಸ್' ಮತ್ತು 'ದಿ ಪ್ಯಾಕ್' ಚಿತ್ರಗಳು ತೆರೆಗೆ ತಂದವು. 'ದಿ ಪ್ಯಾಕ್' 2010ರಲ್ಲಿ ಬ್ರಿಸ್ಟಲ್‌ನ ವೈಲ್ಡ್‌ಸ್ಕ್ರೀನ್ ಉತ್ಸವದಲ್ಲಿ, 'ಹಸಿರು ಆಸ್ಕರ್' ಎಂದೇ ಹೆಸರಾದ ಪಾಂಡಾ ಪ್ರಶಸ್ತಿ ಪಡೆಯಿತು.

1997ರಲ್ಲಿ ಕಾಡುಗಳ್ಳ ವೀರಪ್ಪನ್, ದೊಡ್ಡ ಸರ್ಕಾರಿ ಅಧಿಕಾರಿಗಳೆಂದು ತಪ್ಪು ತಿಳಿದು ಇವರನ್ನು ಅಪಹರಿಸಿದ. ಆ ಅನುಭವದ ಕಥನ 'ಸೆರೆಯಲ್ಲಿ ಕಳೆದ ಹದಿನಾಲ್ಕು ದಿನಗಳು'. ಅಪಹರಣದ ಪುಸ್ತಕವಾದರೂ ಅದರಲ್ಲಿ ಹಕ್ಕಿ, ಮರಗಳ ಮಾತು ತಪ್ಪುವುದಿಲ್ಲ. ಭಯಕ್ಕಿಂತ ತಿಳಿಹಾಸ್ಯವೇ ಮುಂದು. ಇಂಗ್ಲಿಷಿಗೂ ಅನುವಾದಗೊಂಡಿದೆ. ಕೆ. ಪುಟ್ಟಸ್ವಾಮಿ ಅವರೊಡನೆ ಸೇರಿ ರಚಿಸಿದ 'ಜೀವಜಾಲ' ಇನ್ನೊಂದು ಕೃತಿ.

ಬಂಡೀಪುರದ ಅಂಚಿನ ಹಳ್ಳಿಗಳ ಜನ ಸೌದೆಗಾಗಿ ಕಾಡನ್ನೇ ನೆಚ್ಚಿದ್ದರು. ಅವರಿಗೆ ಅಡುಗೆ ಅನಿಲ ಒದಗಿಸಲು ಇವರು 'ನಮ್ಮ ಸಂಘ' ಕಟ್ಟಿದರು. ಅಲ್ಲಿ ಸಿಲಿಂಡರ್ ಮನೆಗೆ ಬಂದಷ್ಟೂ ಸೌದೆ ಹೊರೆ ಕಡಿಮೆಯಾಯಿತು.