ಇರುಳಿನ ಕಾವಲು: ಕನ್ನಡ ಕ್ರೈಸ್ತ ಪ್ರಾರ್ಥನೆಯೂ ದುರ್ಗದ ಸೀಮೆಯ ನುಡಿಯೂ

ಮನುಷ್ಯನ ಭಯಗಳಲ್ಲಿ ಇರುಳಿನ ಭಯವು ಬಹು ಪ್ರಾಚೀನವಾದುದು. ಹಗಲಿನ ಕೆಲಸದ ಮರೆಯಲ್ಲಿ ಅಡಗಿದ್ದ ಚಿಂತೆಯು ದೀಪವಾರಿದ ಮೇಲೆ ಎದ್ದು ಕುಳಿತುಕೊಳ್ಳುವುದು. ಇಂತಹ ಹೊತ್ತಿನಲ್ಲಿ ಪಾಂಡಿತ್ಯದ ಭಾಷೆ ನೆರವಿಗೆ ಬಾರದು. ಬಾಲ್ಯದಿಂದ ಕಿವಿಗೆ ಬಿದ್ದ ಮಾತೇ ಬರಬೇಕು. ಆದಕಾರಣ ಒಂದು ಧರ್ಮಗ್ರಂಥದ ಭಾಷಾಂತರವು ದೇಶದ ನುಡಿಯಲ್ಲಿ ಎಷ್ಟು ಆಳಕ್ಕೆ ಬೇರೂರಿದೆ ಎಂಬುದನ್ನು ತಿಳಿಯಲು ರಾತ್ರಿಯ ಪ್ರಾರ್ಥನೆಗಿಂತ ಒಳ್ಳೆಯ ಒರೆಗಲ್ಲಿಲ್ಲ. ಕನ್ನಡ ಬೈಬಲಿನ ಭಾಷೆಯನ್ನು 'ಪಾದ್ರಿಗಳ ಕನ್ನಡ'ವೆಂದು ಒಂದೇ ಮಾತಿನಲ್ಲಿ ತಳ್ಳಿಬಿಡುವುದು ವಾಡಿಕೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯ ಜನಜೀವನವನ್ನು ಎದುರಿಗಿಟ್ಟುಕೊಂಡು ಈ ತೀರ್ಪನ್ನು ಪರೀಕ್ಷಿಸುವುದು ಯುಕ್ತವಾಗಿದೆ.

ಕ್ರೈಸ್ತರಲ್ಲಿ ಮಲಗುವ ಮುನ್ನ ಪ್ರಾರ್ಥಿಸುವ ಪದ್ಧತಿ ಬಹಳ ಹಳೆಯದು. 6ನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟನು ತನ್ನ ಮಠದ ನಿಯಮಾವಳಿಯಲ್ಲಿ ದಿನದ ಕೊನೆಯ ಪೂಜೆಗೆ 4, 91 ಮತ್ತು 134ನೆಯ ಕೀರ್ತನೆಗಳನ್ನು ಗೊತ್ತುಮಾಡಿದನು. 1529ರಲ್ಲಿ ಮಾರ್ಟಿನ್ ಲೂಥರನು ತನ್ನ ಚಿಕ್ಕ ಪ್ರಶ್ನೋತ್ತರ ಗ್ರಂಥದಲ್ಲಿ ಮನೆಮಂದಿಗೆ ಸಂಜೆಯ ಪ್ರಾರ್ಥನೆಯೊಂದನ್ನು ಬರೆದುಕೊಟ್ಟು, ಅದು ಮುಗಿದೊಡನೆ ತಡಮಾಡದೆ ಹರ್ಷದಿಂದ ನಿದ್ರಿಸಬೇಕೆಂದು ವಿಧಿಸಿದನು. ಮೆಥಡಿಸ್ಟ್ ಪಂಥದ ಮೂಲಪುರುಷನಾದ ಜಾನ್ ವೆಸ್ಲಿಯ ಜೀವನದಲ್ಲಿಯೂ ಅಂಜಿಕೆಯ ಪ್ರಸಂಗವೊಂದು ಪ್ರಸಿದ್ಧವಾಗಿದೆ. 1736ರ ಜನವರಿ 25ರಂದು ಅಟ್ಲಾಂಟಿಕ್ ಸಮುದ್ರದಲ್ಲಿ ಬಿರುಗಾಳಿಯೆದ್ದು, ಹಡಗಿನಲ್ಲಿದ್ದವರು ಕೂಗಿಕೊಳ್ಳುತ್ತಿರಲು, ಮೊರೇವಿಯನ್ ಪಂಥದ ಜರ್ಮನರು ಮಾತ್ರ ಕೀರ್ತನೆ ಹಾಡುವುದನ್ನು ನಿಲ್ಲಿಸಲಿಲ್ಲ. ತನಗಿಲ್ಲದ ಧೈರ್ಯ ಅವರಿಗೆಲ್ಲಿಂದ ಬಂದಿತೆಂಬ ಪ್ರಶ್ನೆ ಆತನನ್ನು ಬಹುಕಾಲ ಕಾಡಿತು. ಆ ವೆಸ್ಲಿಯ ಅನುಯಾಯಿಗಳೇ ಮೈಸೂರು ಸೀಮೆಗೆ ಬಂದು, 1830ರ ದಶಕದ ಕೊನೆಗೆ ನೆರೆಯ ಗುಬ್ಬಿಯಲ್ಲಿ ನೆಲೆಯೂರಿದರು. ಅವರಲ್ಲೊಬ್ಬರಾದ ವಿಲಿಯಂ ಆರ್ಥರ್ ಅವರು 1847ರಲ್ಲಿ ತಮ್ಮ ಮೈಸೂರಿನ ಅನುಭವವನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದರು.

ಇವರೆಲ್ಲರ ಪ್ರಾರ್ಥನೆಗೆ ಆಧಾರವಾದ ಗ್ರಂಥವು ಅದಕ್ಕೆ ಮೊದಲೇ ಕನ್ನಡಕ್ಕೆ ಇಳಿದಿತ್ತು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರೂ, ನಿಘಂಟುಕಾರರಾದ ವಿಲಿಯಂ ರೀವ್ ಅವರೂ ದುಡಿದುದರ ಫಲವಾಗಿ 1831ರಲ್ಲಿ ಸಮಗ್ರ ಬೈಬಲು ಕನ್ನಡದಲ್ಲಿ ದೊರೆಯಿತು. ಮುಂದೆ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಮೊದಲಾದವರು ಅದನ್ನು ತಿದ್ದುವುದರಲ್ಲಿ ಶ್ರಮಿಸಿದರು. ಬಳ್ಳಾರಿಯ ಕನ್ನಡಕ್ಕೂ ಚಿತ್ರದುರ್ಗದ ಕನ್ನಡಕ್ಕೂ ಇರುವ ನೆರೆಹೊರೆಯ ಸಂಬಂಧವನ್ನು ಇಲ್ಲಿ ಮರೆಯಲಾಗದು.

ಇರುಳಿನ ಕೀರ್ತನೆಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು 'ದುರ್ಗ'ವೆಂಬ ಮಾತು. ಬೆನೆಡಿಕ್ಟನು ರಾತ್ರಿಗೆ ಆರಿಸಿದ 91ನೆಯ ಕೀರ್ತನೆಯು ಕತ್ತಲಲ್ಲಿ ನಡೆದಾಡುವ ವ್ಯಾಧಿಯನ್ನೂ ಇರುಳಿನ ದಿಗಿಲನ್ನೂ ಹೆಸರಿಸಿ, ದೇವರನ್ನು ಕೋಟೆಯೆಂದು ಕರೆಯುವುದು. ಕನ್ನಡ ಭಾಷಾಂತರದಲ್ಲಿ ಈ ಸ್ಥಳಕ್ಕೆ ಬಂದಿರುವ ಶಬ್ದವು ದುರ್ಗವೇ. ಚಿತ್ರದುರ್ಗದವರು ತಮ್ಮ ಊರನ್ನು ಇಂದಿಗೂ 'ದುರ್ಗ'ವೆಂದಷ್ಟೇ ಕರೆಯುವರು. ಏಳು ಸುತ್ತಿನ ಕೋಟೆಯ ನೆರಳಿನಲ್ಲಿ ಬೆಳೆದವನಿಗೆ ಈ ಉಪಮಾನವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅವನಿಗೆ ಇನ್ನೊಂದು ಸಂಗತಿಯೂ ತಿಳಿದಿದೆ: ಇಂತಹ ಅಭೇದ್ಯವಾದ ದುರ್ಗವೂ 1779ರಲ್ಲಿ ಹೈದರಾಲಿಯ ವಶವಾಯಿತು, ಮದಕರಿನಾಯಕನು ಸೆರೆಯಾದನು. ಕಲ್ಲಿನ ಕೋಟೆ ಬೀಳಬಲ್ಲುದು. ಆದುದರಿಂದಲೇ ಬೀಳದ ಕೋಟೆಯನ್ನು ಮನಸ್ಸು ಹುಡುಕುವುದು. ಕೀರ್ತನಕಾರನ ತರ್ಕವೂ ಇದೇ ಆಗಿದೆ.

ಎರಡನೆಯ ಮಾತು 'ಕಾಯು' ಎಂಬ ಧಾತು. 127ನೆಯ ಕೀರ್ತನೆಯ ಅಭಿಪ್ರಾಯವೇನೆಂದರೆ, ದೇವರು ಪಟ್ಟಣವನ್ನು ಕಾಯದಿದ್ದರೆ ಕಾವಲುಗಾರನ ಎಚ್ಚರ ವ್ಯರ್ಥ ಎಂಬುದು. ಓಬವ್ವನ ಐತಿಹ್ಯವನ್ನು ಬಲ್ಲವರಿಗೆ ಈ ಮಾತಿನ ತೂಕ ಗೊತ್ತು. ಕಾವಲಿನ ಗಂಡನು ಊಟಕ್ಕೆ ಕುಳಿತ ಒಂದು ಗಳಿಗೆಯಲ್ಲಿ ಶತ್ರುಗಳು ಕಿಂಡಿಯಲ್ಲಿ ನುಸುಳಿದರು. ಒನಕೆ ಹಿಡಿದು ನಿಂತ ಹೆಂಗಸಿನಿಂದ ಆ ದಿನ ಕೋಟೆ ಉಳಿಯಿತು. ಮನುಷ್ಯನ ಕಾವಲಿಗೆ ಹಸಿವುಂಟು, ತೂಕಡಿಕೆಯುಂಟು. ತೂಕಡಿಸದೆ ಕಾಯುವವನೊಬ್ಬನಿದ್ದಾನೆ ಎಂಬುದೇ 121ನೆಯ ಕೀರ್ತನೆಯ ಸಾರ. ಅದರಲ್ಲಿರುವುದು ಕೇವಲ 8 ವಾಕ್ಯಗಳು. ಮೂಲ ಹೀಬ್ರೂವಿನಲ್ಲಿ ಕಾಯುವುದೆಂಬ ಅರ್ಥದ ಧಾತು ಅಷ್ಟರಲ್ಲಿಯೇ 6 ಸಾರಿ ಬರುವುದು. ಪುನರುಕ್ತಿಯು ಇಲ್ಲಿ ಕಾವ್ಯದೋಷವಲ್ಲ. ಹೆದರಿದ ಮಗುವಿನ ಬೆನ್ನನ್ನು ಮತ್ತೆ ಮತ್ತೆ ತಟ್ಟಿದಂತೆ ಅದು ಕೆಲಸ ಮಾಡುವುದು.

ಇದೇ ಧಾತು ಕನ್ನಡದಲ್ಲಿ ಮತ್ತೊಂದು ಉಪಕಾರವನ್ನು ಮಾಡಿದೆ. 23ನೆಯ ಕೀರ್ತನೆಯಲ್ಲಿ ದೇವರು ಕುರಿಗಳನ್ನು ಮೇಯಿಸುವವನು. ಹೀಬ್ರೂವಿನಲ್ಲಿ ಈ ಕೀರ್ತನೆಯ ಮೇಯಿಸುವುದಕ್ಕೂ ಹಿಂದಿನದರ ಕಾವಲಿಗೂ ಬೇರೆ ಬೇರೆ ಧಾತುಗಳಿವೆ. ಕನ್ನಡಿಗನಾದರೋ ಬಾಗಿಲನ್ನೂ ಕಾಯುವನು, ಕುರಿಯನ್ನೂ ಕಾಯುವನು. ದೇವರು ಕಾಯಲಿ ಎಂದೂ ಹರಸುವನು. ಬೇರೆಯಾಗಿದ್ದ ಎರಡು ಚಿತ್ರಗಳು ಇಲ್ಲಿ ಒಂದೇ ಕ್ರಿಯಾಪದದಲ್ಲಿ ಕೂಡಿಕೊಂಡವು. ಭಾಷಾಂತರಕಾರರು ಇದಕ್ಕಾಗಿ ಹೊಸದೇನನ್ನೂ ಕಲ್ಪಿಸಬೇಕಾಗಿರಲಿಲ್ಲ. ನುಡಿಯೇ ಅದನ್ನು ಸಿದ್ಧಪಡಿಸಿತ್ತು. ಆ ಕೀರ್ತನೆಯಲ್ಲಿ ದೇವರಿಗೆ 'ಕುರುಬ'ನೆಂಬ ಹೆಸರನ್ನೇ ಇಟ್ಟುದು ಮಾತ್ರ ಧೈರ್ಯದ ಕೆಲಸ. ಗೋಪಾಲ, ಪಶುಪತಿ ಎಂಬ ಸಂಸ್ಕೃತ ಶಬ್ದಗಳು ಕೈಗೆಟುಕುವಂತಿದ್ದರೂ, ಹೆಗಲ ಮೇಲೆ ಕಂಬಳಿ ಹೊದ್ದ ಹಳ್ಳಿಗನ ಹೆಸರು ಗ್ರಂಥಸ್ಥವಾಯಿತು. ಹಿರಿಯೂರು ಹೊಸದುರ್ಗಗಳ ಬಯಲಿನಲ್ಲಿ ಗೊಲ್ಲರ ಹಟ್ಟಿಗಳೂ ಕುರಿಯ ರೊಪ್ಪಗಳೂ ಮುಳ್ಳುಬೇಲಿಗಳೂ ಹೊಸ ನೋಟಗಳಲ್ಲ. ತೋಳದ ಭಯವಿದ್ದ ಕಾಲದಲ್ಲಿ ಮಂದೆಯ ಪಕ್ಕದಲ್ಲಿಯೇ ಕೋಲು ಹಿಡಿದು ಮಲಗುತ್ತಿದ್ದವನು ಏನು ಮಾಡುತ್ತಿದ್ದನೆಂಬುದು ಇಲ್ಲಿಯವರಿಗೆ ಕಂಡು ತಿಳಿದ ವಿಷಯ.

ಈ ಸಾಂತ್ವನವನ್ನು ಅಗ್ಗದ ಧೈರ್ಯವಚನವೆಂದು ಎಣಿಸಬಾರದು. ಧಾತು ಮತ್ತು ಈಶ್ವರ ಸಂವತ್ಸರಗಳ ಬರವು, ಎಂದರೆ 1876ರಿಂದ 1878ರವರೆಗಿನ ಕ್ಷಾಮವು, ಮೈಸೂರು ಸಂಸ್ಥಾನವನ್ನು ಬರಿದು ಮಾಡಿತು. 1871ರಲ್ಲಿ 50 ಲಕ್ಷವನ್ನು ದಾಟಿದ್ದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಮಳೆ ಕಡಮೆಯಾದ ಈ ಸೀಮೆಯಲ್ಲಿ ಅಂತಹ ರಾತ್ರಿಗಳ ನೆನಪು ಬೇಗ ಅಳಿಯುವಂತಹುದಲ್ಲ. ಮಿಷನ್ನುಗಳು ತೆರೆದ ಅನಾಥಾಲಯಗಳಿಗೆ ಬಂದ ಮಕ್ಕಳಿಗೆ, ಇರುಳೆಂದರೆ ತಂದೆತಾಯಿಗಳಿಲ್ಲದ ಹೊತ್ತು. ಅವರ ಮುಂದೆ ಭಯವೇ ಇಲ್ಲವೆಂದು ಹೇಳಿದರೆ ಅದು ಸುಳ್ಳಾಗುತ್ತಿತ್ತು. ಕೀರ್ತನೆಗಳ ಪುಸ್ತಕವು ಹಾಗೆ ಹೇಳುವುದಿಲ್ಲ. 23ನೆಯದರಲ್ಲಿ ಕತ್ತಲ ಕಣಿವೆಯಿದೆ, ಜೊತೆಯಲ್ಲಿ ನಡೆಯುವವನಿದ್ದಾನೆ, ಕಣಿವೆ ಮಾಯವಾಗುವುದಿಲ್ಲ. 88ನೆಯದು ಸಮಾಧಾನವನ್ನೇ ಕಾಣದೆ ಕತ್ತಲೆಂಬ ಮಾತಿನಲ್ಲಿಯೇ ಮುಗಿಯುವುದು. ಅದನ್ನೂ ಪ್ರಾರ್ಥನೆಯೆಂದು ಉಳಿಸಿಕೊಂಡುದರಲ್ಲಿ ಆ ಸಂಪ್ರದಾಯದ ಪ್ರಾಮಾಣಿಕತೆಯಿದೆ. ನಿದ್ರೆ ಬಾರದವನು ತನ್ನ ಅಳಲನ್ನು ಮರೆಮಾಚದೆ ಆಡಿಕೊಳ್ಳಲು ಅದು ಅನುಮತಿ ಕೊಡುವುದು.

ಕೊನೆಯದಾಗಿ, ಈ ಇರುಳಿನ ಪ್ರಾರ್ಥನೆಯು ಮತದ ಎಲ್ಲೆಯನ್ನು ದಾಟಿ ಕನ್ನಡದ ಸಾಮಾನ್ಯ ಸಂಪತ್ತಾದ ಉದಾಹರಣೆಯೊಂದನ್ನು ಗಮನಿಸಬೇಕು. 1833ರಲ್ಲಿ ಸಿಸಿಲಿಯಲ್ಲಿ ಜ್ವರದಿಂದ ಸಾವಿನ ಬಾಗಿಲಿಗೆ ಹೋಗಿಬಂದ ಜಾನ್ ಹೆನ್ರಿ ನ್ಯೂಮನ್ ಅವರು ಊರಿಗೆ ಹಿಂದಿರುಗುವಾಗ, ಅವರಿದ್ದ ಕಿತ್ತಳೆಹಣ್ಣಿನ ಹಡಗು ಗಾಳಿಯಿಲ್ಲದೆ ಬೊನಿಫಾಚಿಯೋ ಜಲಸಂಧಿಯಲ್ಲಿ ನಿಂತುಬಿಟ್ಟಿತು. ಜೂನ್ 16ರಂದು ಅಲ್ಲಿಯೇ ಅವರು ಬರೆದ ಗೀತೆಯು ದೂರದ ದಾರಿಯೆಲ್ಲ ಕಾಣಬೇಕೆಂದು ಕೇಳದೆ, ಒಂದು ಹೆಜ್ಜೆಗೆ ಸಾಲುವಷ್ಟು ಬೆಳಕನ್ನು ಮಾತ್ರ ಬೇಡಿತು. ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ 1884ರಲ್ಲಿ ಜನಿಸಿದ ಬಿ. ಎಂ. ಶ್ರೀಕಂಠಯ್ಯನವರು ಅದನ್ನು ಕನ್ನಡಿಸಿ 1926ರ 'ಇಂಗ್ಲಿಷ್ ಗೀತಗಳು' ಸಂಕಲನದಲ್ಲಿ ಸೇರಿಸಿದರು. 'ಕರುಣಾಳು ಬಾ ಬೆಳಕೆ' ಎಂದು ಹೆಸರಾದ ಆ ಹಾಡನ್ನು ನಾಡಿನ ಶಾಲೆಗಳಲ್ಲಿ ಎಲ್ಲ ಮತಗಳ ಮಕ್ಕಳೂ ಹಾಡಿದ್ದಾರೆ; ಅದರ ಮೂಲವು ಕ್ರೈಸ್ತಸ್ತೋತ್ರವೆಂಬುದನ್ನು ಅರಿಯದೆ ಹಾಡಿದವರೂ ಉಂಟು.

ದುರ್ಗ, ಕಾವಲು, ಕುರುಬ, ಬೆಳಕು: ಈ ನಾಲ್ಕು ಮಾತುಗಳಲ್ಲಿ ಪರದೇಶದಿಂದ ಬಂದುದು ಒಂದೂ ಇಲ್ಲ. ಬೈಬಲಿನ ಕನ್ನಡದಲ್ಲಿ ತೊಡಕಾದ ವಾಕ್ಯಗಳೂ ಅಪರಿಚಿತವಾದ ಹೆಸರುಗಳೂ ಇರುವುದು ನಿಜ. ಆದರೆ ಮನುಷ್ಯನು ಹೆದರಿ ಎಚ್ಚರಗೊಂಡ ಹೊತ್ತಿನಲ್ಲಿ ಆಡುವ ಮಾತುಗಳನ್ನು ಅದು ಈ ನೆಲದಿಂದಲೇ ಪಡೆದುಕೊಂಡಿತು. ಆ ಭಾಷಾಂತರವನ್ನು ತೂಗುವವರು ತಕ್ಕಡಿಯಲ್ಲಿ ಇದನ್ನೂ ಇಡುವುದು ನ್ಯಾಯ.