ಮೊಟ್ಟೆರಹಿತ ಕೇಕ್

ಮೊಟ್ಟೆರಹಿತ ಕೇಕ್ ಎಂಬುದು ಕೋಳಿಮೊಟ್ಟೆಯನ್ನಾಗಲಿ ಅದರ ಪುಡಿಯನ್ನಾಗಲಿ ಬಳಸದೆ, ಹಿಟ್ಟು, ಸಕ್ಕರೆ, ಬೆಣ್ಣೆ ಅಥವಾ ಎಣ್ಣೆ ಹಾಗೂ ಉಬ್ಬಿಸುವ ದ್ರವ್ಯಗಳನ್ನು ಕಲಸಿ ಶುಷ್ಕ ಶಾಖದಲ್ಲಿ ಬೇಯಿಸಿದ ಸಿಹಿತಿನಿಸು. ಧಾರ್ಮಿಕ ಆಚರಣೆ, ಸಸ್ಯಾಹಾರ ಪದ್ಧತಿ, ಮೊಟ್ಟೆಯ ಅಲರ್ಜಿ, ಮೊಟ್ಟೆಯ ಅಭಾವ ಮುಂತಾದ ಬೇರೆ ಬೇರೆ ಕಾರಣಗಳಿಂದ ಇದು ಬೇರೆ ಬೇರೆ ದೇಶಗಳಲ್ಲಿ ರೂಪುಗೊಂಡಿದೆ. ಭಾರತದಲ್ಲಿ ಮೊಟ್ಟೆಯನ್ನು ಅಡುಗೆಮನೆಯೊಳಗೆ ತರದ ಕುಟುಂಬಗಳು ಬಹಳ ಇರುವುದರಿಂದ, ಹುಟ್ಟುಹಬ್ಬದಂತಹ ಸಂದರ್ಭಗಳಲ್ಲಿ ಎಲ್ಲರೂ ಒಟ್ಟಾಗಿ ತಿನ್ನಬಹುದಾದ ಕೇಕ್ ಎಂಬ ನೆಲೆಯಲ್ಲಿ ಇದಕ್ಕೆ ವಿಶೇಷ ಸ್ಥಾನವಿದೆ.

ಮೊಟ್ಟೆರಹಿತ ಕೇಕ್ ಮತ್ತು ವೀಗನ್ ಕೇಕ್ ಒಂದೇ ಅಲ್ಲ. ಮೊದಲನೆಯದರಲ್ಲಿ ಹಾಲು, ಮೊಸರು, ಬೆಣ್ಣೆ ಇರಬಹುದು. ಎರಡನೆಯದರಲ್ಲಿ ಪ್ರಾಣಿಮೂಲದ ಯಾವ ಪದಾರ್ಥವೂ ಇರುವುದಿಲ್ಲ.

ಪದದ ಮೂಲ

‘ಕೇಕ್’ ಎಂಬ ಇಂಗ್ಲಿಷ್ ಪದವು ಪ್ರಾಚೀನ ನಾರ್ಸ್ ಭಾಷೆಯ ‘ಕಾಕಾ’ ಎಂಬ ಪದದಿಂದ ಬಂದಿದೆ. ಕನ್ನಡದಲ್ಲಿ ಇದು ‘ಕೇಕ್’, ‘ಕೇಕು’ ಎಂಬ ಎರಡೂ ರೂಪಗಳಲ್ಲಿ ಬಳಕೆಯಲ್ಲಿದೆ. ಅಂಗಡಿಗಳಲ್ಲಿಯೂ ಮನೆಗಳಲ್ಲಿಯೂ ಮೊಟ್ಟೆರಹಿತ ಕೇಕನ್ನು ‘ಎಗ್‌ಲೆಸ್ ಕೇಕ್’ ಎಂದು ಕರೆಯುವುದು ಸಾಮಾನ್ಯ.

ಇತಿಹಾಸ

ಅಡುಗೆ ಸೋಡಾ ಮತ್ತು ಬೇಕಿಂಗ್ ಪೌಡರ್ ಬಳಕೆಗೆ ಬರುವ ಮೊದಲು ಯೂರೋಪಿನಲ್ಲಿ ಕೇಕನ್ನು ಉಬ್ಬಿಸಲು ಎರಡು ಮಾರ್ಗಗಳಿದ್ದವು. ಒಂದು, ಯೀಸ್ಟ್ ಬೆರೆಸಿ ಹಿಟ್ಟನ್ನು ಹುದುಗಿಸುವುದು. ಇನ್ನೊಂದು, ಮೊಟ್ಟೆಯನ್ನು ದೀರ್ಘಕಾಲ ಕಡೆದು ಅದರೊಳಗೆ ಗಾಳಿಯನ್ನು ತುಂಬುವುದು. ಹಿಟ್ಟು, ಬೆಣ್ಣೆ, ಸಕ್ಕರೆ, ಮೊಟ್ಟೆಗಳನ್ನು ತಲಾ ಒಂದು ಪೌಂಡಿನಂತೆ ಬಳಸುತ್ತಿದ್ದ ಪೌಂಡ್ ಕೇಕ್ ಎರಡನೆಯ ಮಾರ್ಗಕ್ಕೆ ಪ್ರಸಿದ್ಧ ಉದಾಹರಣೆ. ಆದ್ದರಿಂದ ಮೊಟ್ಟೆಯಿಲ್ಲದೆ, ಹುದುಗಿಸದೆ ಮೃದುವಾದ ಕೇಕ್ ಮಾಡುವುದು ಅಂದು ಕಷ್ಟಸಾಧ್ಯವಾಗಿತ್ತು.

ಈ ಪರಿಸ್ಥಿತಿಯನ್ನು ಬದಲಿಸಿದ್ದು ರಸಾಯನಶಾಸ್ತ್ರ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿಯು 1843ರಲ್ಲಿ ಬೇಕಿಂಗ್ ಪೌಡರನ್ನು ಸಿದ್ಧಪಡಿಸಿದನು. ಅವನ ಪತ್ನಿಗೆ ಯೀಸ್ಟ್ ಮತ್ತು ಮೊಟ್ಟೆ ಎರಡೂ ಒಗ್ಗುತ್ತಿರಲಿಲ್ಲ. ಅದಕ್ಕೂ ಮೊದಲು, 1837ರಲ್ಲಿ, ಅವನು ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನು ರೂಪಿಸಿದ್ದನು. ಮನೆಯ ಒಬ್ಬರ ಪಥ್ಯಕ್ಕಾಗಿ ನಡೆದ ಈ ಪ್ರಯತ್ನ ಜಗತ್ತಿನ ಅಡುಗೆಯ ಕ್ರಮವನ್ನೇ ಮಾರ್ಪಡಿಸಿತು. ಅಮೆರಿಕದಲ್ಲಿ ಜಾನ್ ಡ್ವೈಟ್ ಮತ್ತು ಆಸ್ಟಿನ್ ಚರ್ಚ್ ಎಂಬುವರು 1846ರಲ್ಲಿ ಅಡುಗೆ ಸೋಡಾದ ವ್ಯಾಪಾರವನ್ನು ಆರಂಭಿಸಿದರು.

ಇಪ್ಪತ್ತನೆಯ ಶತಮಾನದಲ್ಲಿ ಯುದ್ಧ ಮತ್ತು ಬಡತನ ಮೊಟ್ಟೆರಹಿತ ಕೇಕನ್ನು ಮನೆಮನೆಗೆ ತಲುಪಿಸಿದವು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಗೃಹಿಣಿಯರು ಹಾಲು, ಬೆಣ್ಣೆ, ಮೊಟ್ಟೆಗಳಿಲ್ಲದೆ, ಒಣದ್ರಾಕ್ಷಿಯನ್ನು ಸಕ್ಕರೆ ಮತ್ತು ಮಸಾಲೆಯೊಡನೆ ಕುದಿಸಿ ‘ಯುದ್ಧದ ಕೇಕ್’ ಮಾಡುತ್ತಿದ್ದರು. ಎರಡನೆಯ ಮಹಾಯುದ್ಧದ ಅವಧಿಯಲ್ಲಿ ಬ್ರಿಟನ್ನಿನಲ್ಲಿ ವಯಸ್ಕರೊಬ್ಬರಿಗೆ ವಾರಕ್ಕೆ ಸಾಮಾನ್ಯವಾಗಿ 1 ಮೊಟ್ಟೆ ಮಾತ್ರ ಪಡಿತರವಾಗಿ ದೊರೆಯುತ್ತಿತ್ತು. ಮೊಟ್ಟೆ, ಹಾಲು, ಬೆಣ್ಣೆಗಳ ಬದಲು ವಿನೆಗರ್, ಸೋಡಾ, ಎಣ್ಣೆ ಮತ್ತು ನೀರಿನಿಂದ ಮಾಡುವ ಚಾಕೊಲೇಟ್ ಕೇಕು ಅಮೆರಿಕದಲ್ಲಿ ‘ವ್ಯಾಕಿ ಕೇಕ್’ ಎಂಬ ಹೆಸರಿನಿಂದ ಇಂದಿಗೂ ಬಳಕೆಯಲ್ಲಿದೆ.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಮೊಟ್ಟೆಯಿಲ್ಲದ ಬೇಕರಿ ತಿನಿಸುಗಳನ್ನು ಜನಪ್ರಿಯಗೊಳಿಸಿದ ಕೀರ್ತಿ ಅಯ್ಯಂಗಾರ್ ಬೇಕರಿಗಳಿಗೆ ಸಲ್ಲುತ್ತದೆ. ಹಾಸನ ಜಿಲ್ಲೆಯಿಂದ ಬಂದ ಅಯ್ಯಂಗಾರ್ ಕುಟುಂಬಗಳು ಬೆಂಗಳೂರಿನಲ್ಲಿ ಈ ವೃತ್ತಿಯನ್ನು ಕೈಗೊಂಡವು. 1898ರಲ್ಲಿ ಚಿಕ್ಕಪೇಟೆಯಲ್ಲಿ ಆರಂಭವಾದ ಬಿ.ಬಿ. ಬೇಕರಿಯನ್ನು ಈ ಪರಂಪರೆಯ ಮೊದಲ ಅಂಗಡಿಯೆಂದು ಪರಿಗಣಿಸಲಾಗಿದೆ. ಕಾಲಕ್ರಮದಲ್ಲಿ ಇಂತಹ ಅಂಗಡಿಗಳು ರಾಜ್ಯದ ಊರೂರುಗಳಿಗೆ ಹಬ್ಬಿದವು. ಬ್ರೆಡ್ಡು, ಬನ್ನು, ಖಾರಾ ಬಿಸ್ಕತ್ತು, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್ ಮೊದಲಾದವುಗಳ ಜೊತೆಗೆ ಇಲ್ಲಿನ ಹನಿ ಕೇಕ್ ಹೆಸರುವಾಸಿ. ಮೃದುವಾದ ಕೇಕಿನ ತುಂಡನ್ನು ಸಿಹಿಪಾಕದಲ್ಲಿ ನೆನೆಸಿ, ಮೇಲೆ ಜಾಮ್ ಸವರಿ, ಕೊಬ್ಬರಿ ತುರಿಯನ್ನು ಉದುರಿಸಿ ಇದನ್ನು ಸಿದ್ಧಪಡಿಸುತ್ತಾರೆ. ‘ಅಯ್ಯಂಗಾರ್ ಬೇಕರಿ’ ಎಂಬುದು ಒಂದೇ ಸಂಸ್ಥೆಯ ಹೆಸರಲ್ಲ. ಪ್ರತಿಯೊಂದು ಅಂಗಡಿಯೂ ಸ್ವತಂತ್ರ. ಆದಕಾರಣ ಈ ಹೆಸರಿನ ಎಲ್ಲ ಅಂಗಡಿಗಳಲ್ಲೂ ಎಲ್ಲ ತಿನಿಸುಗಳೂ ಮೊಟ್ಟೆರಹಿತವೆಂದು ಭಾವಿಸದೆ ವಿಚಾರಿಸಿ ಕೊಳ್ಳುವುದು ಯುಕ್ತ.

ಇದಕ್ಕೆ ಭಿನ್ನವಾಗಿ, ಕರಾವಳಿಯ ಕ್ರೈಸ್ತ ಕುಟುಂಬಗಳು ಕ್ರಿಸ್‌ಮಸ್ ಕಾಲದಲ್ಲಿ ‘ಕುಸ್ವಾರ್’ ಎಂಬ ತಿನಿಸುಗಳ ಸಮೂಹದೊಡನೆ ಮಾಡುವ ಹಣ್ಣಿನ ಕೇಕಿನಲ್ಲಿ ಸಾಂಪ್ರದಾಯಿಕವಾಗಿ ಮೊಟ್ಟೆ ಇರುತ್ತದೆ. ಹೀಗೆ ಒಂದೇ ರಾಜ್ಯದಲ್ಲಿ ಎರಡು ಪರಂಪರೆಗಳು ಜೊತೆಜೊತೆಯಾಗಿ ಬೆಳೆದಿವೆ.

ಕೇಕಿನಲ್ಲಿ ಮೊಟ್ಟೆಯ ಪಾತ್ರ

ಮೊಟ್ಟೆಯನ್ನು ಬಿಡಬೇಕಾದರೆ ಅದು ಕೇಕಿನಲ್ಲಿ ಏನು ಮಾಡುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಅದರ ಕಾರ್ಯಗಳು ಮುಖ್ಯವಾಗಿ ಐದು.

1. ಕಟ್ಟು ನೀಡುವುದು: ಮೊಟ್ಟೆಯ ಪ್ರೋಟೀನುಗಳು ಸುಮಾರು 60ರಿಂದ 80 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗಟ್ಟಿಯಾಗಿ ಕೇಕಿನ ಆಕಾರವನ್ನು ಹಿಡಿದಿಡುತ್ತವೆ.
2. ಗಾಳಿ ತುಂಬುವುದು: ಕಡೆದಾಗ ಉಂಟಾಗುವ ನೊರೆಯಲ್ಲಿ ಗಾಳಿಯ ಗುಳ್ಳೆಗಳು ಸೆರೆಯಾಗುತ್ತವೆ.
3. ಬೆಸೆಯುವುದು: ಹಳದಿ ಭಾಗದಲ್ಲಿರುವ ಲೆಸಿತಿನ್ ಎಂಬ ದ್ರವ್ಯವು ಎಣ್ಣೆ ಮತ್ತು ನೀರು ಬೇರ್ಪಡದಂತೆ ನೋಡಿಕೊಳ್ಳುತ್ತದೆ.
4. ತೇವ ಒದಗಿಸುವುದು: ಮೊಟ್ಟೆಯ ತೂಕದ ಸುಮಾರು ಮುಕ್ಕಾಲು ಪಾಲು ನೀರು.
5. ಬಣ್ಣ ಮತ್ತು ರುಚಿ ನೀಡುವುದು.

ಈ ಐದನ್ನೂ ಮಾಡಬಲ್ಲ ಬದಲಿ ಪದಾರ್ಥ ಇನ್ನೊಂದಿಲ್ಲ. ಆದ್ದರಿಂದ ಮೊಟ್ಟೆರಹಿತ ಕೇಕಿನಲ್ಲಿ ಈ ಕಾರ್ಯಗಳನ್ನು ಹಲವು ಪದಾರ್ಥಗಳಿಗೆ ಹಂಚಲಾಗುತ್ತದೆ. ಒಂದು ಮೊಟ್ಟೆ ಬೇಕಾದ ಬಿಸ್ಕತ್ತು ಅಥವಾ ಕೇಕನ್ನು ಬದಲಿ ಪದಾರ್ಥದಿಂದ ಸುಲಭವಾಗಿ ಮಾಡಬಹುದು. ಆದರೆ ಮೊಟ್ಟೆಯ ನೊರೆಯನ್ನೇ ಆಧರಿಸಿದ ಸ್ಪಂಜ್ ಕೇಕ್, ಏಂಜೆಲ್ ಫುಡ್ ಕೇಕ್ ಮುಂತಾದವುಗಳಲ್ಲಿ ಮೊಟ್ಟೆಯನ್ನು ತೆಗೆದು ಬೇರೊಂದನ್ನು ಹಾಕಿದರೆ ಫಲ ದೊರೆಯುವುದು ವಿರಳ. ಅಂಥಲ್ಲಿ ಮೊದಲಿನಿಂದಲೇ ಮೊಟ್ಟೆರಹಿತವಾಗಿ ರೂಪಿಸಿದ ಅಳತೆಗಳನ್ನು ಅನುಸರಿಸುವುದು ಲೇಸು.

ಬದಲಿ ಪದಾರ್ಥಗಳು

ಮೊಸರು ಮತ್ತು ಅಡುಗೆ ಸೋಡಾ: ಮೊಸರಿನ ಲ್ಯಾಕ್ಟಿಕ್ ಆಮ್ಲವು ಸೋಡಾದೊಡನೆ ಸೇರಿದಾಗ ಇಂಗಾಲದ ಡೈಆಕ್ಸೈಡ್ ಅನಿಲ ಹೊರಬಂದು ಹಿಟ್ಟು ಉಬ್ಬುತ್ತದೆ. 1 ಬಟ್ಟಲು ಮೊಸರಿಗೆ ಸುಮಾರು ಅರ್ಧ ಟೀ ಚಮಚ ಸೋಡಾ ಸಾಕು. ಸೋಡಾ ಹೆಚ್ಚಾದರೆ ಆಮ್ಲದೊಡನೆ ಸೇರದೆ ಉಳಿದ ಭಾಗವು ಶಾಖದಲ್ಲಿ ಸೋಡಿಯಂ ಕಾರ್ಬೊನೇಟ್ ಆಗಿ ಪರಿವರ್ತನೆಗೊಂಡು ಸಾಬೂನಿನಂತಹ ಒಗರನ್ನು ಕೊಡುತ್ತದೆ.

ವಿನೆಗರ್ ಅಥವಾ ನಿಂಬೆರಸ: ಇವು ಹಾಲು ಮೊಸರು ಬಳಸದ ಕೇಕುಗಳಲ್ಲಿ ಆಮ್ಲದ ಕೆಲಸವನ್ನು ಮಾಡುತ್ತವೆ.

ಸಿಹಿಗೊಳಿಸಿದ ಗಟ್ಟಿ ಹಾಲು: ಡಬ್ಬಿಗಳಲ್ಲಿ ‘ಕಂಡೆನ್ಸ್‌ಡ್ ಮಿಲ್ಕ್’ ಎಂಬ ಹೆಸರಿನಿಂದ ದೊರೆಯುವ ಇದು ಭಾರತದ ಮನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಇದರಲ್ಲಿರುವ ಹಾಲಿನ ಪ್ರೋಟೀನು ಕೇಕಿಗೆ ಕಟ್ಟನ್ನೂ ಕೆಂಬಣ್ಣವನ್ನೂ ನೀಡುತ್ತದೆ. ಇದರಲ್ಲಿಯೇ ಸಕ್ಕರೆ ಯಥೇಷ್ಟವಾಗಿರುವುದರಿಂದ ಪ್ರತ್ಯೇಕ ಸಕ್ಕರೆಯನ್ನು ತೀರ ಕಡಿಮೆ ಹಾಕಬೇಕು.

ಅಗಸೆ ಬೀಜ: 1 ಮೊಟ್ಟೆಯ ಬದಲು 1 ದೊಡ್ಡ ಚಮಚ ಅಗಸೆ ಬೀಜದ ಪುಡಿಯನ್ನು 3 ದೊಡ್ಡ ಚಮಚ ನೀರಿನಲ್ಲಿ ನೆನೆಸಿದರೆ ಲೋಳೆಯಂತಹ ದ್ರವ್ಯ ದೊರೆಯುತ್ತದೆ. ಇದು ಬೆಸೆಯುತ್ತದೆ, ಉಬ್ಬಿಸುವುದಿಲ್ಲ.

ಬಾಳೆಹಣ್ಣು: 1 ಮೊಟ್ಟೆಯ ಬದಲು ಕಾಲು ಬಟ್ಟಲಿನಷ್ಟು ಕಿವುಚಿದ ಹಣ್ಣನ್ನು ಬಳಸಬಹುದು. ಕೇಕಿಗೆ ಹಣ್ಣಿನ ಪರಿಮಳ ಬರುವುದರಿಂದ ಎಲ್ಲ ಬಗೆಗೂ ಇದು ಹೊಂದುವುದಿಲ್ಲ.

ಕಾಬೂಲಿ ಕಡಲೆ ಬೇಯಿಸಿದ ನೀರು: ಗಟ್ಟಿಯಾದ ಈ ಕಟ್ಟನ್ನು ಕಡೆದರೆ ಮೊಟ್ಟೆಯ ಬಿಳಿಯಂತೆ ನೊರೆ ಬರುತ್ತದೆ. 2015ರಿಂದ ಇದು ‘ಅಕ್ವಾಫಾಬಾ’ ಎಂಬ ಹೆಸರಿನಿಂದ ಪ್ರಚಾರಕ್ಕೆ ಬಂದಿದೆ.

ಮೊಸರಿನ ಕೇಕ್ ಮಾಡುವ ವಿಧಾನ

ಬೇಕಾಗುವ ಸಾಮಗ್ರಿಗಳು: ಮೈದಾ ಒಂದೂವರೆ ಬಟ್ಟಲು (ಸುಮಾರು 190 ಗ್ರಾಂ), ತಾಜಾ ಗಟ್ಟಿ ಮೊಸರು 1 ಬಟ್ಟಲು (ಸುಮಾರು 250 ಗ್ರಾಂ), ಪುಡಿ ಸಕ್ಕರೆ 150ರಿಂದ 175 ಗ್ರಾಂ, ವಾಸನೆಯಿಲ್ಲದ ಅಡುಗೆ ಎಣ್ಣೆ ಅರ್ಧ ಬಟ್ಟಲು (120 ಮಿ.ಲೀ.), ಬೇಕಿಂಗ್ ಪೌಡರ್ ಒಂದೂಕಾಲು ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ವೆನಿಲಾ ಸಾರ 1 ಟೀ ಚಮಚ, ಚಿಟಿಕೆ ಉಪ್ಪು.

ವಿಧಾನ: ಮೊದಲು ಓವನ್ನನ್ನು 180 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಬೇಕು, 7 ಅಥವಾ 8 ಅಂಗುಲ ಅಗಲದ ಪಾತ್ರೆಗೆ ಎಣ್ಣೆ ಸವರಿ ಮೈದಾ ಉದುರಿಸಿಡಬೇಕು. ಮೈದಾ ಮತ್ತು ಉಪ್ಪನ್ನು ಜರಡಿ ಹಿಡಿಯಬೇಕು. ಮೊಸರು ಮತ್ತು ಸಕ್ಕರೆಯನ್ನು ಕರಗುವವರೆಗೆ ಕಲಕಿ, ಬೇಕಿಂಗ್ ಪೌಡರ್ ಮತ್ತು ಸೋಡಾ ಬೆರೆಸಿ 5 ನಿಮಿಷ ಬಿಟ್ಟರೆ ಮಿಶ್ರಣ ನೊರೆನೊರೆಯಾಗಿ ಉಬ್ಬುತ್ತದೆ. ಅನಂತರ ಎಣ್ಣೆ, ವೆನಿಲಾ ಸೇರಿಸಿ, ಮೈದಾವನ್ನು ಎರಡು ಮೂರು ಸಲವಾಗಿ ಹಾಕಿ ಹಗುರವಾಗಿ ಕಲಸಬೇಕು. ಗಂಟುಗಳು ಕರಗಿದೊಡನೆ ಕಲಸುವುದನ್ನು ನಿಲ್ಲಿಸಿ, ತಡಮಾಡದೆ ಓವನ್ನಿನಲ್ಲಿಟ್ಟು 35ರಿಂದ 40 ನಿಮಿಷ ಬೇಯಿಸಬೇಕು. ನಡುವೆ ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟದಿದ್ದರೆ ಬೆಂದಿದೆ ಎಂದರ್ಥ. 10 ನಿಮಿಷದ ಬಳಿಕ ಪಾತ್ರೆಯಿಂದ ತೆಗೆದು, ಪೂರ್ತಿ ಆರಿದ ಮೇಲೆ ಕತ್ತರಿಸಬೇಕು.

ಮೈದಾದ ಬದಲು ಅರ್ಧಭಾಗ ಗೋಧಿಹಿಟ್ಟನ್ನು ಬಳಸಬಹುದು. ರಾಗಿಹಿಟ್ಟಿನಲ್ಲಿ ಗ್ಲುಟೆನ್ ಇಲ್ಲವಾದ್ದರಿಂದ ಬರಿಯ ರಾಗಿಯ ಕೇಕ್ ಪುಡಿಪುಡಿಯಾಗುತ್ತದೆ. ಗೋಧಿಹಿಟ್ಟಿನೊಡನೆ ಬೆರೆಸಿದರೆ ಕಟ್ಟು ನಿಲ್ಲುತ್ತದೆ.

ಓವನ್ ಇಲ್ಲದ ಮನೆಗಳಲ್ಲಿ

ಭಾರತದಲ್ಲಿ ಓವನ್ ಇಲ್ಲದವರು ಪ್ರೆಷರ್ ಕುಕ್ಕರಿನಲ್ಲಿಯೂ ದಪ್ಪ ತಳದ ಪಾತ್ರೆಯಲ್ಲಿಯೂ ಕೇಕ್ ಬೇಯಿಸುತ್ತಾರೆ. ತಳದಲ್ಲಿ ಮರಳು ಅಥವಾ ಉಪ್ಪಿನ ಪದರವನ್ನು ಹರಡಿ, ಅದರ ಮೇಲೆ ಒಂದು ಸಣ್ಣ ಸ್ಟ್ಯಾಂಡನ್ನಿಟ್ಟು, 10 ನಿಮಿಷ ಕಾಯಿಸಿ, ಕೇಕಿನ ಪಾತ್ರೆಯನ್ನಿಟ್ಟು ಮುಚ್ಚಿ ಸಣ್ಣ ಉರಿಯಲ್ಲಿ 40ರಿಂದ 50 ನಿಮಿಷ ಬೇಯಿಸುವುದು ರೂಢಿ. ಕುಕ್ಕರ್ ಬಳಸುವಾಗ ಮುಚ್ಚಳದ ರಬ್ಬರ್ ಗ್ಯಾಸ್ಕೆಟ್ ಮತ್ತು ವೆಯ್ಟ್ ಎರಡನ್ನೂ ತಪ್ಪದೆ ತೆಗೆದಿರಬೇಕು. ನೀರಿಲ್ಲದೆ ಅತಿಯಾಗಿ ಕಾಯಿಸುವುದು ಕುಕ್ಕರಿಗೆ ಹಾನಿಕರವಾದ್ದರಿಂದ, ಅಡುಗೆಗೆ ಬಳಸುವ ಕುಕ್ಕರನ್ನು ಬಿಟ್ಟು ಹಳೆಯ ದಪ್ಪ ಪಾತ್ರೆಯೊಂದನ್ನು ಇದಕ್ಕೆಂದೇ ಇಟ್ಟುಕೊಳ್ಳುವುದು ಉತ್ತಮ.

ಸಾಮಾನ್ಯ ದೋಷಗಳು ಮತ್ತು ಕಾರಣಗಳು

ಕೇಕ್ ಗಟ್ಟಿಯಾಗಿ ರಬ್ಬರಿನಂತಾದರೆ, ಮೈದಾ ಹಾಕಿದ ಮೇಲೆ ಹೆಚ್ಚು ಕಲಸಿದ್ದರಿಂದ ಗ್ಲುಟೆನ್ ಬಲಗೊಂಡಿದೆ ಎಂದು ತಿಳಿಯಬೇಕು. ನಡುಭಾಗ ಕುಸಿದರೆ, ಬೇಯುವ ಮೊದಲೇ ಬಾಗಿಲು ತೆರೆದಿರುವುದು, ಸೋಡಾ ಹೆಚ್ಚಾಗಿರುವುದು ಅಥವಾ ಒಳಗೆ ಪೂರ್ತಿ ಬೇಯದಿರುವುದು ಕಾರಣವಿರಬಹುದು. ಮೇಲ್ಭಾಗ ಗೋಪುರದಂತೆ ಎದ್ದು ಬಿರಿದರೆ ಉಷ್ಣತೆ ಹೆಚ್ಚಾಗಿದೆ. ಉಬ್ಬದೆಯೇ ಉಳಿದರೆ ಬೇಕಿಂಗ್ ಪೌಡರ್ ಹಳೆಯದಾಗಿರಬಹುದು. ಒಂದು ಚಮಚ ಪುಡಿಯನ್ನು ಬಿಸಿನೀರಿಗೆ ಹಾಕಿದಾಗ ಜೋರಾಗಿ ನೊರೆ ಬಂದರೆ ಅದು ಉಪಯೋಗಕ್ಕೆ ಯೋಗ್ಯ. ಕಲಸಿದ ಹಿಟ್ಟನ್ನು ಬಹಳ ಹೊತ್ತು ಹಾಗೆಯೇ ಇಟ್ಟರೂ ಅನಿಲ ಹೊರಹೋಗಿ ಕೇಕ್ ಚಪ್ಪಟೆಯಾಗುತ್ತದೆ.

ಅಲರ್ಜಿ ಮತ್ತು ಸುರಕ್ಷತೆ

ಮಕ್ಕಳಲ್ಲಿ ಹೆಚ್ಚಾಗಿ ಕಂಡುಬರುವ ಆಹಾರ ಅಲರ್ಜಿಗಳಲ್ಲಿ ಮೊಟ್ಟೆಯ ಅಲರ್ಜಿಯೂ ಒಂದು. ಅನೇಕರಲ್ಲಿ ಇದು ಬೆಳೆದಂತೆ ಕಡಿಮೆಯಾಗುತ್ತದೆ. ಕೆಲವರಲ್ಲಿ ಪ್ರಾಣಾಪಾಯದ ಪ್ರತಿಕ್ರಿಯೆಯೂ ಉಂಟಾಗಬಹುದು. ಆಚರಣೆಗಾಗಿ ಮೊಟ್ಟೆ ಬಿಟ್ಟವರಿಗೆ ‘ಮೊಟ್ಟೆರಹಿತ’ ಎಂಬ ಮಾತು ನಂಬಿಕೆಯ ವಿಷಯವಾದರೆ, ಇಂತಹ ಮಗುವಿಗೆ ಅದು ಜೀವದ ವಿಷಯ. ಮೊಟ್ಟೆ ಕಡೆದ ಬೀಟರನ್ನೋ ಪಾತ್ರೆಯನ್ನೋ ಸರಿಯಾಗಿ ತೊಳೆಯದೆ ಬಳಸಿದರೆ ಅದರ ಅಂಶ ಮೊಟ್ಟೆರಹಿತ ಕೇಕಿಗೂ ಸೇರುತ್ತದೆ. ರಾಯಲ್ ಐಸಿಂಗ್, ಮೆರಿಂಗ್ ಮುಂತಾದ ಅಲಂಕಾರಗಳಲ್ಲಿ ಮೊಟ್ಟೆಯ ಬಿಳಿ ಇರುತ್ತದೆ. ಕೆಲವು ಸಿದ್ಧ ಮಿಶ್ರಣಗಳಲ್ಲಿಯೂ ಮೊಟ್ಟೆಯ ಪುಡಿ ಇರುವುದುಂಟು. ಮಾರ್ಷ್‌ಮ್ಯಾಲೋದಲ್ಲಿ ಸಾಮಾನ್ಯವಾಗಿ ಪ್ರಾಣಿಮೂಲದ ಜೆಲಾಟಿನ್ ಇರುತ್ತದೆ.

ಮೊಟ್ಟೆಯಿಲ್ಲವೆಂಬ ಕಾರಣಕ್ಕೆ ಹಸಿ ಹಿಟ್ಟನ್ನು ತಿನ್ನಬಹುದೆಂಬ ಭಾವನೆ ಸರಿಯಲ್ಲ. ಬೇಯಿಸದ ಮೈದಾದಲ್ಲಿಯೂ ರೋಗಕಾರಕ ಬ್ಯಾಕ್ಟೀರಿಯಾಗಳು ಇರುವ ಸಾಧ್ಯತೆಯಿದೆ.

ಕಾನೂನು ಮತ್ತು ಗೃಹೋದ್ಯಮ

ಭಾರತದ ಆಹಾರ ನಿಯಮಗಳ ಪ್ರಕಾರ ಮೊಟ್ಟೆಯಿರುವ ಪೊಟ್ಟಣದ ಆಹಾರವು ಮಾಂಸಾಹಾರದ ಗುರುತನ್ನು ಹೊಂದಿರಬೇಕು. ಸಸ್ಯಾಹಾರಕ್ಕೆ ಚೌಕದೊಳಗಿನ ಹಸಿರು ಚುಕ್ಕೆ ಗುರುತಾಗಿದೆ. ಅಲರ್ಜಿಕಾರಕಗಳ ಪಟ್ಟಿಯಲ್ಲಿ ಮೊಟ್ಟೆ, ಹಾಲು, ಗ್ಲುಟೆನ್ ಇರುವ ಧಾನ್ಯಗಳು, ನೆಲಗಡಲೆ, ಸೋಯಾ ಮೊದಲಾದವು ಸೇರಿವೆ.

ಮನೆಯಲ್ಲಿ ಕೇಕ್ ಮಾಡಿ ಮಾರುವುದು ನಗರಗಳಲ್ಲಿಯೂ ಸಣ್ಣ ಊರುಗಳಲ್ಲಿಯೂ ಅನೇಕ ಮಹಿಳೆಯರಿಗೆ ಜೀವನೋಪಾಯವಾಗಿದೆ. ಇಂತಹ ಗೃಹೋದ್ಯಮಗಳೂ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಮಾರಾಟ ಆರಂಭಿಸುವ ಮೊದಲು ನೋಂದಣಿ ಮಾಡಿಸಬೇಕು. ಮೊಟ್ಟೆಯ ಕೇಕನ್ನೂ ಮೊಟ್ಟೆರಹಿತ ಕೇಕನ್ನೂ ಒಂದೇ ಅಡುಗೆಮನೆಯಲ್ಲಿ ಮಾಡುವವರು ಆ ಸಂಗತಿಯನ್ನು ಕೊಳ್ಳುವವರಿಗೆ ಮೊದಲೇ ತಿಳಿಸುವುದು ಒಳ್ಳೆಯ ಪದ್ಧತಿ.

ಶೇಖರಣೆ

ಕೆನೆ ಅಥವಾ ಹಸಿ ಹಣ್ಣಿನ ಅಲಂಕಾರವಿಲ್ಲದ ಕೇಕನ್ನು ಗಾಳಿಯಾಡದ ಡಬ್ಬಿಯಲ್ಲಿ ಎರಡು ದಿನ ಹೊರಗೆ ಇಡಬಹುದು. ಸೆಕೆಗಾಲದಲ್ಲಿ ಇನ್ನೂ ಬೇಗ ಮುಗಿಸಬೇಕು. ಕೆನೆಯಿರುವ ಕೇಕನ್ನು ಫ್ರಿಜ್ಜಿನಲ್ಲಿಯೇ ಇಡಬೇಕು. ಫ್ರಿಜ್ಜಿನ ತಂಪಿನಲ್ಲಿ ಪಿಷ್ಟವು ಬೇಗ ಬಿರುಸಾಗುವುದರಿಂದ ಕೇಕ್ ಗಟ್ಟಿಯೆನಿಸುತ್ತದೆ. ತಿನ್ನುವ ಅರ್ಧ ಗಂಟೆ ಮೊದಲು ಹೊರತೆಗೆದಿಟ್ಟರೆ ಸ್ವಲ್ಪಮಟ್ಟಿಗೆ ಮೆತ್ತಗಾಗುತ್ತದೆ.